ಹತ್ತು ನಿಮಿಷ ಒಳಗೆ ಕೂತಿರಿ

ಪುಣೆಯ ಹಳೆ ಪೇಟೆಯಲ್ಲಿ ಬಾಡಿಗೆಗಿದ್ದವರಿಗೆ ಭಾನುವಾರ ರಜೆಯಲ್ಲ, ಪ್ರದರ್ಶನ. ನಲ್ಲಿಯ ನೀರು ಹಿಡಿದು ಮುಗಿಯುವ ಮೊದಲೇ ಯಾರಾದರೊಬ್ಬರು ಬಾಗಿಲಲ್ಲಿ ನಿಂತಿರುತ್ತಿದ್ದರು. ಕುತ್ತಿಗೆಗೆ ಕ್ಯಾಮರಾ, ಬೆನ್ನಿಗೆ ಚೀಲ, ಕಾಲಿಗೆ ಗುಡ್ಡ ಹತ್ತುವ ಬೂಟು. ನಮ್ಮ ಓಣಿಯಲ್ಲಿ ಹತ್ತಲು ಇದ್ದದ್ದು ಮೋರಿಯ ಮೇಲಿನ ಕಲ್ಲು ಮಾತ್ರ. ಕೆಲವರು ಕಂಬ ತಟ್ಟಿ ನೋಡಿ ಸಾಗವಾನಿ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಕೆಲವರು ಅಡುಗೆಮನೆಯವರೆಗೂ ಬಂದು, ಅಲ್ಲಿ ಹಲ್ಲುಜ್ಜುತ್ತ ನಿಂತ ನನ್ನನ್ನು ನೋಡಿ, ಇಲ್ಲಿ ಯಾರಾದರೂ ವಾಸವಿದ್ದಾರಾ ಎಂದು ಮರಾಠಿಯಲ್ಲಿ ಕೇಳುತ್ತಿದ್ದರು. ಇಲ್ಲ, ದೆವ್ವಗಳಿವೆ ಎಂದು ಒಮ್ಮೆ ಹೇಳಿದೆ. ಬಂದವರ ಹತ್ತಿರ ಹಾಗೆಲ್ಲ ಮಾತಾಡಬಾರದೆಂದು ಅವ್ವ ಬೈದಳು.

ಅವರು ಅದನ್ನು ವಾಡೆ ಎನ್ನುತ್ತಿದ್ದರು. ನಾವು ಮನೆ ಎನ್ನುತ್ತಿದ್ದೆವು. ಮಾಲಕ ಎರಡನ್ನೂ ಹೇಳುತ್ತಿದ್ದ: ಬಾಡಿಗೆ ಏರಿಸುವ ಮಾತು ಬಂದಾಗ ಅದು ಪೇಶ್ವೆಯರ ಕಾಲದ ವಾಡೆ, ಸೋರುವ ಮಾಡಿನ ಮಾತು ಬಂದಾಗ ಮುರುಕಲು ಮನೆ. ನಡುವೆ ಕಲ್ಲು ಹಾಸಿದ ಚೌಕ, ಸುತ್ತ ಮರದ ಕಂಬಗಳು, ಮೇಲೆ ಅರ್ಧ ಕುಸಿದ ಮಾಳಿಗೆ. ಹಿಂಬದಿಯ ಎರಡು ಕೋಣೆ ಮತ್ತು ಒಂದು ಪಡಸಾಲೆ ನಮ್ಮದು. ನನ್ನ ಅಜ್ಜ ಕಲಬುರಗಿ ಕಡೆಯಿಂದ ಗೌಂಡಿ ಕೆಲಸಕ್ಕೆ ಬಂದವನು. ಇದೇ ವಾಡೆಯ ಬಿದ್ದ ಗೋಡೆ ಕಟ್ಟಲು ಬಂದು ಇಲ್ಲೇ ಬಾಡಿಗೆಗೆ ನಿಂತ. ಫೋಟೋದವರು ಅಂಗೈಯಿಂದ ಸವರಿ ಸವರಿ ಪೇಶ್ವೆಯರನ್ನು ನೆನೆಯುತ್ತಿದ್ದದ್ದು ಅಜ್ಜ ಕಟ್ಟಿದ ಆ ಗೋಡೆಯನ್ನೇ. ಯಾರಿಗೂ ನಾನು ತಿದ್ದಿ ಹೇಳಲಿಲ್ಲ.

ಮನೆಯ ಮೇಲೆ ನನಗೆ ಕುರುಡು ಪ್ರೀತಿಯೇನೂ ಇರಲಿಲ್ಲ. ಇಲಿಗಳಿದ್ದವು. ಪಾಯಖಾನೆ ಚೌಕದ ಆಚೆಗಿತ್ತು, ಮಳೆಗಾಲದಲ್ಲಿ ಛತ್ರಿ ಹಿಡಿದು ಹೋಗಬೇಕಿತ್ತು. ಆದರೆ ಹಿತ್ತಲಲ್ಲಿ ಒಂದು ಅತ್ತಿಮರವಿತ್ತು. ಅದು ಹಣ್ಣು ಬಿಟ್ಟಾಗ ಮಂಗಟ್ಟೆ ಹಕ್ಕಿಗಳು ಜೋಡಿಯಾಗಿ ಬಂದು ಕೂಗಾಡುತ್ತಿದ್ದವು. ಪಡಸಾಲೆಯ ಕಟ್ಟೆಯ ಮೇಲೆ ಕುಳಿತರೆ ಆ ಮರದ ಕೊಂಬೆಗಳ ನಡುವೆ ದೂರದ ಪರ್ವತಿ ಗುಡ್ಡ, ಅದರ ತುದಿಯ ಗುಡಿ ಕಾಣುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಭಾಷೆ ಬಾರದೆ, ಮಾತಿಗೆ ಜನ ಸಿಗದೆ, ಅವ್ವ ಆ ಗುಡ್ಡವನ್ನೇ ನೋಡುತ್ತ ದಿನ ಕಳೆದಳಂತೆ. ಈ ಮನೆಯಿಂದಲೇ ತನ್ನ ಹೆಣ ಹೋಗಬೇಕು ಎಂದು ಅವಳು ಮಾತಿಗೊಮ್ಮೆ ಹೇಳುತ್ತಿದ್ದಳು. ಅವಳಿಗೆ ಬೇರೆ ಆಸೆ ಇದ್ದದ್ದು ನನಗೆ ಗೊತ್ತಿಲ್ಲ.

ಫೋಟೋದವರಲ್ಲೇ ಒಬ್ಬ, ಅವನು ಬಂದದ್ದು ಒಂದು ಮಳೆಗಾಲದ ಭಾನುವಾರ. ಚೌಕದಲ್ಲಿ ನಿಂತು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ, ಸಖತ್ತಾಗಿದೆ ಕಣೋ, ಯಾರೂ ಮುಟ್ಟೇ ಇಲ್ಲ ಈ ಮನೇನ ಎಂದು. ರೊಟ್ಟಿ ಬಡಿಯುತ್ತಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಕನ್ನಡದವರೇನ್ರಿ ನೀವು? ಒಳಗ ಬರ್ರಿ, ಯಾಕ ಹೊರಗ ನಿಂತೀರಿ."

ಬೆಂಗಳೂರಿನ ಹುಡುಗ, ಮೂವತ್ತು ದಾಟಿದವನು, ಹಿಂಜವಡಿಯ ಕಂಪನಿಯಲ್ಲಿ ಕೆಲಸ, ವಾಕಡದಲ್ಲಿ ಮನೆ. ಅವನ ಕನ್ನಡ ಅರ್ಧ ಇಂಗ್ಲಿಷು, ಅವ್ವನ ಕನ್ನಡ ಅರ್ಧ ಮರಾಠಿ. ಆದರೂ ಅವ್ವನಿಗೆ ತವರಿನಿಂದ ಯಾರೋ ಬಂದಷ್ಟು ಹಿಗ್ಗು. ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ ಬಡಿಸಿದಳು. ಅವನು ಒಲೆಯ ಮುಂದೆ ಮೊಣಕಾಲೂರಿ ಅವಳು ರೊಟ್ಟಿ ಬಡಿಯುವುದರ ಫೋಟೋ ತೆಗೆದ. ಅವನು ಹೋದ ಮೇಲೆ ಅವ್ವ ನನಗೆ ಹೇಳಿದ್ದು ಒಂದೇ ಮಾತು, ನಮ್ಮಂವ ಅದಾನ. ಆ ಒಂದು ಮಾತಿಗೆ ನಾವು ತೆತ್ತದ್ದು ಎಷ್ಟೆಂದು ಆಗ ತಿಳಿಯಲಿಲ್ಲ.

ಮುಂದಿನ ವಾರ ಅವನು ತನ್ನ ಯೋಜನೆ ವಿವರಿಸಿದ. ಒಂದೇ ಮನೆ, ಒಂದು ವರ್ಷ, ಎಲ್ಲ ಕಾಲದ ಬೆಳಕು. ಮನೆ, ಅದರ ಹಿಂದಿನ ಮರ, ಮರದ ಹಿಂದಿನ ಗುಡ್ಡ, ಮೂರೂ ಒಂದೇ ಚಿತ್ರದಲ್ಲಿ. ಕಲ್ಲು ಮರ ಬೆಟ್ಟ ಸೇರಿದರೇ ಊರು ಎಂದ. ಊರಿನಲ್ಲಿ ಮನುಷ್ಯರೂ ಇರುತ್ತಾರೆ ಎಂದು ಹೇಳಬೇಕೆನಿಸಿತು, ಬಾಯಿ ಬಿಡುವಷ್ಟರಲ್ಲಿ ಅವ್ವ ಚಹಾ ತಂದಳು. ಚಹಾ ಕುಡಿದು ಅವನು ತಂತಿಯ ಮೇಲೆ ಒಣಗುತ್ತಿದ್ದ ಬಟ್ಟೆಗಳನ್ನು ನೋಡಿದ.

"ಆಂಟಿ, ಒಂದು ಸಣ್ಣ ಹೆಲ್ಪ್. ಆ ಬಟ್ಟೆ ತೆಗೀಬಹುದಾ? ಹತ್ತೇ ಹತ್ತು ನಿಮಿಷ, ನೀವೆಲ್ಲ ಒಳಗೆ ಕೂತಿರಿ."

ಮೊದಲು ಬಟ್ಟೆ ಹೋಯಿತು. ಆಮೇಲೆ ಪ್ಲಾಸ್ಟಿಕ್ ಕೊಡಗಳು, ನನ್ನ ಸ್ಕೂಟರು, ಅಪ್ಪನ ಚಪ್ಪಲಿ, ಮಾಡಿನ ಮೇಲಿನ ನೀಲಿ ತಾಡಪಾಲು. ತುಳಸಿ ಇರಲಿ ಎಂದ, ಆದರೆ ಅದನ್ನು ನೆಟ್ಟ ಪೇಂಟ್ ಡಬ್ಬಿ ಬೇಡವೆಂದ. ಡಬ್ಬಿ ಬಿಟ್ಟು ತುಳಸಿ ಎಲ್ಲಿ ನಿಲ್ಲಬೇಕು? ಅದೂ ಒಳಗೆ ಬಂತು. ಕೇಳಿದ್ದಕ್ಕಿಂತ ಒಂದು ಹಿಡಿ ಹೆಚ್ಚು ಕೊಡುವುದು ಅವ್ವನ ತವರಿನವರ ರೋಗ. ಮೂರನೆಯ ವಾರದಿಂದ ಅವನು ಬಾಯಿ ತೆರೆಯುವ ಅಗತ್ಯವೇ ಬೀಳಲಿಲ್ಲ. ಅವನು ಬರುವ ಹೊತ್ತಿಗೆ ಅವ್ವ ಪಡಸಾಲೆ ಖಾಲಿ ಮಾಡಿ, ಕಟ್ಟೆ ತೊಳೆದು, ತಾನು ಬೆಳಿಗ್ಗೆ ಹಾಕಿದ ರಂಗೋಲಿಯನ್ನೂ ತಾನೇ ಒರೆಸಿ ನಿಂತಿರುತ್ತಿದ್ದಳು. ತಾನು ಕಂಪ್ಯೂಟರಿನಲ್ಲಿ ಏನನ್ನೂ ಅಳಿಸುವುದಿಲ್ಲ ಎಂಬುದು ಅವನ ದೊಡ್ಡ ಹೆಮ್ಮೆ. ಅದು ನಿಜ. ಅಳಿಸಲು ಅವ್ವ ಇದ್ದಳು.

ಒಂದು ದಿನ ಗೂಡಿನಲ್ಲಿ ಅಜ್ಜನ ಕಾಲದ ಕಬ್ಬಿಣದ ಬೀಗ ಅವನ ಕಣ್ಣಿಗೆ ಬಿತ್ತು. ತುಕ್ಕು ಹಿಡಿದು ಕಂದುಗಟ್ಟಿದ, ಅಂಗೈಯಗಲದ ಬೀಗ, ಕೀಲಿ ಕಳೆದು ಎಷ್ಟೋ ಕಾಲವಾಗಿತ್ತು. ಅವನ ಮುಖ ಅರಳಿತು. ನಾವು ಒಳಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ಹೊರಗಿನ ಸರಪಳಿಗೆ ಅದನ್ನು ತೂಗುಹಾಕಿದ. ಅದಿದ್ದರೆ ಫ್ರೇಮ್ ಕಂಪ್ಲೀಟ್ ಎಂದು ಬಾಗಿಲಾಚೆಯಿಂದ ಹೇಳಿದ್ದು ಕೇಳಿಸಿತು. ಅಂದಿನಿಂದ ಪ್ರತಿ ಭಾನುವಾರ ಹೊರಗೆ ಬೀಗ, ಒಳಗೆ ನಾವು.

ಹತ್ತು ನಿಮಿಷ ಎಂದೂ ಹತ್ತು ನಿಮಿಷವಾಗಿರಲಿಲ್ಲ. ಮೋಡ ಸರಿಯಬೇಕು, ಗುಡ್ಡದ ಮೇಲೆ ಬಿಸಿಲು ಬೀಳಬೇಕು, ಮಂಗಟ್ಟೆ ಕೊಂಬೆಯ ಮೇಲೆ ಕೂರಬೇಕು. ಅಪ್ಪ ತಳೇಗಾಂವದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವನು, ವಾರವಿಡೀ ಅಲ್ಲಿನ ಕಂಪನಿ ಕೋಣೆಯಲ್ಲಿದ್ದು ಶನಿವಾರ ಸಂಜೆ ಮನೆಗೆ ಬರುತ್ತಿದ್ದ. ಅವನಿಗೆ ಮನೆ ಸಿಗುತ್ತಿದ್ದದ್ದು ಭಾನುವಾರ ಒಂದೇ. ಆ ಭಾನುವಾರದ ಬೆಳಿಗ್ಗೆ ಅವನು ಕತ್ತಲ ಕೋಣೆಯಲ್ಲಿ, ಮಡಚಿಟ್ಟ ಹಾಸಿಗೆಯ ಮೇಲೆ, ಓದಲು ಬೆಳಕಿಲ್ಲದ ಪೇಪರು ಹಿಡಿದು ಕೂರುತ್ತಿದ್ದ. ಹೊಗೆ ಕಾಣುತ್ತದೆಂದು ಒಲೆ ಆರಿಸಿರುತ್ತಿದ್ದೆವು. ಅವ್ವ ತುಟಿಯ ಮೇಲೆ ಬೆರಳಿಟ್ಟುಕೊಂಡೇ ಇರುತ್ತಿದ್ದಳು. ಫೋಟೋಕ್ಕೆ ಸದ್ದು ಕೇಳುವುದಿಲ್ಲ ಎಂದು ನಾನು ಎಷ್ಟು ಸಲ ಹೇಳಿದರೂ ಪಿಸುಗುಟ್ಟುವುದನ್ನು ಅವಳು ಬಿಡಲಿಲ್ಲ. ಅಪ್ಪ ಕೆಮ್ಮಿದರೆ ಅವನ ತೊಡೆ ಚಿವುಟುತ್ತಿದ್ದಳು.

ನನ್ನ ಕೆಲಸವೂ ಒಂದು ರೀತಿಯ ಫೋಟೋದ್ದೇ. ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುತ್ತೇನೆ. ಬಳೆ ತೆಗೆಯಿರಿ, ಸರ ತೆಗೆಯಿರಿ, ಉಸಿರು ಹಿಡಿಯಿರಿ ಎಂದು ನಾನೂ ಜನರಿಗೆ ದಿನವಿಡೀ ಹೇಳುತ್ತೇನೆ. ಆದರೆ ಎದೆಯ ಚಿತ್ರ ಬೇಕೆಂದು ಮನುಷ್ಯನನ್ನೇ ಕೋಣೆಯಿಂದ ಹೊರಗೆ ಕಳಿಸುವ ವಿದ್ಯೆ ನನಗೆ ಯಾರೂ ಕಲಿಸಲಿಲ್ಲ. ಇದನ್ನೇ ಫೋಟೋದವನಿಗೆ ಒಮ್ಮೆ ಹೇಳಿದೆ. ಒಳ್ಳೆಯ ಜೋಕು ಎಂದು ನಕ್ಕ.

ಚಳಿಗಾಲದಲ್ಲಿ ಊರಿನ ನೆಂಟರು ಜೇಜುರಿಗೆ ಹೋಗಿ ಬರುವಾಗ ನಮ್ಮಲ್ಲಿ ಇಳಿಯುವುದು ರೂಢಿ. ಆ ವರ್ಷವೂ ಶನಿವಾರ ಬಂದರು, ಅವ್ವನ ಅಣ್ಣಂದಿರು, ಅತ್ತಿಗೆಯರು, ಅವರ ಮಕ್ಕಳು. ಮೈಮೇಲೆಲ್ಲ ಖಂಡೋಬನ ಭಂಡಾರ, ಹಣೆ ಕುತ್ತಿಗೆ ಕಿವಿಯ ಸಂದಿ ಎಲ್ಲ ಅರಿಸಿನ. ನಮ್ಮ ಕಟ್ಟೆ, ಹೊಸ್ತಿಲು, ಚೌಕದ ಕಲ್ಲು ಹಳದಿಯಾದವು. ಆ ಮನೆ ಅಷ್ಟು ಚೆಂದ ಕಂಡದ್ದನ್ನು ನಾನು ಬೇರೆ ಯಾವತ್ತೂ ನೋಡಿಲ್ಲ. ಮರುದಿನ ಬೆಳಿಗ್ಗೆ ಅವನು ಬಂದು ಹೊಸ್ತಿಲು ನೋಡಿ, ಅಯ್ಯೋ ಆಂಟಿ ಎಂದ, ಅಷ್ಟೇ. ಅವ್ವ ಮೊಣಕಾಲೂರಿ ಕುಳಿತು ಕಲ್ಲು ತಿಕ್ಕಿದಳು. ದೇವರ ಭಂಡಾರ ಒರೆಸಬಾರದು ಎಂದು ದೊಡ್ಡಮಾವ ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಅಷ್ಟೂ ಜನರನ್ನು ಹಿಂದಿನ ಕೋಣೆಗೆ ತುಂಬಿ ಬಾಗಿಲು ಹಾಕಿದಳು. ಕೂಸೊಂದು ಅತ್ತಾಗ ಅದರ ಬಾಯಿಗೆ ಬೆಲ್ಲ ಹಾಕಿದರು. ಊರಿಗೆ ಹೋದ ಮೇಲೆ ಮಾವ ಫೋನಿನಲ್ಲಿ, ನಿಮ್ಮ ಮನೆಗೆ ಬಂದದ್ದಾ, ಜೈಲಿಗೆ ಹೋದದ್ದಾ ಎಂದು ಕೇಳಿದ. ಅವ್ವ ನಕ್ಕಳು.

ವರ್ಷ ತುಂಬಿತು. ಪುಸ್ತಕ ಬಂತು, ಜೊತೆಗೊಂದು ಪ್ರದರ್ಶನ. ನಮ್ಮನ್ನೂ ಕರೆದ. ಅವ್ವ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಉಟ್ಟಳು. ಬಿಳಿ ಗೋಡೆಗಳ ದೊಡ್ಡ ಹಾಲಿನಲ್ಲಿ ನಮ್ಮ ಮನೆ ಸಾಲಾಗಿ ನೇತಾಡುತ್ತಿತ್ತು. ಮಳೆಯಲ್ಲಿ ನಮ್ಮ ಮನೆ, ಮಂಜಿನಲ್ಲಿ ನಮ್ಮ ಮನೆ, ಎಲೆಯುದುರಿದ ಅತ್ತಿಮರದ ಹಿಂದೆ ಬೋಳು ಗುಡ್ಡ. ಚೆಂದವಿದ್ದವು, ಇಲ್ಲವೆಂದರೆ ಸುಳ್ಳಾಗುತ್ತದೆ. ಪ್ರತಿ ಚಿತ್ರದ ಕೆಳಗೆ ತಿಂಗಳ ಹೆಸರು. ಪ್ರತಿ ಬಾಗಿಲಿಗೂ ಬೀಗ.

ಅವ್ವ ಒಂದೊಂದರ ಮುಂದೆಯೂ ನಿಂತು, ಈ ಹೊತ್ತಿಗೆ ನಾವು ಒಳಗೆ ಏನು ಮಾಡುತ್ತಿದ್ದೆವು ಎಂದು ನನ್ನ ಕಿವಿಯಲ್ಲಿ ಹೇಳಿದಳು. ಇದು ಅಪ್ಪನಿಗೆ ಜ್ವರವಿದ್ದ ವಾರ. ಇದು ಮಾವನವರು ಬಂದಿದ್ದ ವಾರ. ಅಷ್ಟರಲ್ಲಿ ಹಿಂದಿನಿಂದ ಒಬ್ಬಾಕೆ, ಸ್ವಲ್ಪ ಸರಿಯುತ್ತೀರಾ, ಚಿತ್ರಕ್ಕೆ ಅಡ್ಡ ಬರುತ್ತಿದ್ದೀರಿ ಎಂದಳು. ತನ್ನ ಮೊಬೈಲಿನಲ್ಲಿ ಫೋಟೋದ ಫೋಟೋ ತೆಗೆಯುವವಳಿದ್ದಳು. ಅವ್ವ ಅಭ್ಯಾಸಬಲದಿಂದ ಗೋಡೆಯ ಮೂಲೆಗೆ ಸರಿದು ತುಟಿಯ ಮೇಲೆ ಬೆರಳಿಟ್ಟುಕೊಂಡಳು. ನನಗೆ ಆಕೆಯ ಕೈಯಿಂದ ಮೊಬೈಲು ಕಸಿದು ಒಡೆಯಬೇಕೆನಿಸಿತು.

ಮಾಲಕನೂ ಬಂದಿದ್ದ. ಚಿತ್ರಗಳ ಮುಂದೆ ಬಹಳ ಹೊತ್ತು ನಿಂತ. ಆಮೇಲೆ ಅವ್ವನಿಗೆ ಕೈಮುಗಿದು, ಮನೆಯನ್ನು ಎಷ್ಟು ಸ್ವಚ್ಛ ಇಟ್ಟಿದ್ದೀರಿ ವಹಿನಿ ಎಂದು ಹೊಗಳಿದ. ಅವನು ಹಾಗೆ ಹೊಗಳಿದ್ದನ್ನು ಅವ್ವ ವಾರವಿಡೀ ಕಂಡಕಂಡವರಿಗೆ ಹೇಳಿಕೊಂಡು ತಿರುಗಿದಳು. ಅಂದು ಹೋಗುವಾಗ ಮಾಲಕ ಎರಡು ಪುಸ್ತಕ ಕೊಂಡುಕೊಂಡು ಹೋದದ್ದನ್ನು ನಾನು ನೋಡಿದೆ.

ಕೋರ್ಟಿನ ಕಾಗದ ಬಂದದ್ದು ಅದರ ಮುಂದಿನ ತಿಂಗಳು. ಅಡುಗೆಮನೆಯಲ್ಲಿ ನಾನೇ ಓದಿ ಕನ್ನಡದಲ್ಲಿ ಹೇಳಿದೆ. ಬಾಡಿಗೆದಾರರು ತಳೇಗಾಂವದಲ್ಲಿ ನೆಲೆಸಿದ್ದಾರೆ, ಇಲ್ಲಿನ ಮನೆಯನ್ನು ಬಳಸದೆ ವರ್ಷದಿಂದ ಬೀಗ ಜಡಿದು ಇಟ್ಟುಕೊಂಡಿದ್ದಾರೆ, ಆದ್ದರಿಂದ ಬಿಡಿಸಿಕೊಡಬೇಕು. ಸಾಕ್ಷಿಗೆ ಪುಸ್ತಕದ ಪುಟಗಳು, ಬಣ್ಣದಲ್ಲಿ, ತಿಂಗಳು ತಿಂಗಳಿನವು. ಪುಸ್ತಕದ ಮುನ್ನುಡಿಯನ್ನೂ ಲಗತ್ತಿಸಿದ್ದರು. ಅದರಲ್ಲಿ ಅವನು ಬರೆದಿದ್ದ: ನಾನು ಏನನ್ನೂ ಜೋಡಿಸಲಿಲ್ಲ, ಏನನ್ನೂ ಕದಲಿಸಲಿಲ್ಲ, ಈ ಮನೆ ಕಂಡಂತೆ ತೆಗೆದೆ. ಮುಚ್ಚಿದ ಬಾಗಿಲು ಮುಚ್ಚಿಯೇ ಇತ್ತು.

ಅವ್ವ ಪುಟಗಳನ್ನು ತಿರುವಿ ತಿರುವಿ ನೋಡಿದಳು. ಎಲ್ಲಾದರೂ ತನ್ನ ಸುಳಿವು ಸಿಗುತ್ತದೇನೋ ಎಂದು ಹುಡುಕಿದಳು, ಒಂದು ಬಳೆ, ಒಂದು ಸೀರೆಯ ಸೆರಗು, ಕಲ್ಲಿನ ಸಂದಿಯಲ್ಲಿ ಉಳಿದ ಭಂಡಾರ. ಏನೂ ಇರಲಿಲ್ಲ. ಅವಳು ಕೆಲಸಕ್ಕೆ ಕೈ ಹಚ್ಚಿದರೆ ಅಚ್ಚುಕಟ್ಟು.

ನಮ್ಮ ವಕೀಲ ಕೆಟ್ಟವನಲ್ಲ. ಕಾಗದಪತ್ರ ಎರಡೂ ಕಡೆ ಎಳೆಯುತ್ತವೆ ಎಂದು ಬಿಡಿಸಿ ಹೇಳಿದ. ನನ್ನ ಆಸ್ಪತ್ರೆಯ ಕಾಗದದಲ್ಲಿ ಈ ಮನೆಯದೇ ವಿಳಾಸವಿತ್ತು, ಆದರೆ ಕಂಪನಿ ಕೇಳಿತೆಂದು ಅಪ್ಪ ರೇಷನ್ ಕಾರ್ಡು, ಗ್ಯಾಸು ಎರಡನ್ನೂ ತಳೇಗಾಂವದ ವಿಳಾಸಕ್ಕೆ ಮಾಡಿಸಿಕೊಂಡಿದ್ದ. ಲೈಟಿನ ಮೀಟರು ಮಾಲಕನ ಹೆಸರಿನಲ್ಲಿತ್ತು. ಬೇರೆ ಬಾಡಿಗೆದಾರರು ಒಬ್ಬೊಬ್ಬರೇ ಬಿಟ್ಟುಹೋಗಿ, ಮುಂದಿನ ಅಂಗಡಿಯಲ್ಲಿ ಉಳಿದಿದ್ದವನು ಮಾಲಕನ ತಮ್ಮನ ಮಗ. ಓಣಿಯವರು ಮಾಲಕನ ವಿರುದ್ಧ ಕಟಕಟೆ ಹತ್ತಲು ಒಪ್ಪಲಿಲ್ಲ. ನನ್ನ ಮೊಬೈಲಿನಲ್ಲಿದ್ದ ಮನೆಯ ಫೋಟೋಗಳನ್ನು ಕೊಟ್ಟೆ. ದೀಪಾವಳಿ, ಗಣಪತಿ, ಸಂಕ್ರಾಂತಿ. ಹಬ್ಬಕ್ಕೆ ಬಂದು ಹೋಗುತ್ತಾರೆ, ನಾವು ಇಲ್ಲವೆನ್ನುವುದಿಲ್ಲ ಎಂದು ಅವರ ವಕೀಲ ಅವನ್ನೂ ತನ್ನ ಕಡೆಗೇ ತಿರುಗಿಸಿದ. ಬುಧವಾರ ಸಾರು ಕುದಿಯುವುದರ ಫೋಟೋ ಯಾರು ತೆಗೆದಿಡುತ್ತಾರೆ? ನಮಗೆ ಬೇಕಾದದ್ದು ಹೊರಗಿನ ಒಬ್ಬ ಮನುಷ್ಯ, ವಾರವಾರವೂ ಬಂದು ನಮ್ಮನ್ನು ಅಲ್ಲಿ ಕಂಡವನು. ಅಂಥವನು ಲೋಕದಲ್ಲಿ ಒಬ್ಬನೇ ಇದ್ದ.

ಅವ್ವನಿಗೆ ಚಿಂತೆಯೇ ಇರಲಿಲ್ಲ. ನಮ್ಮಂವ ಅದಾನ, ಒಂದು ಮಾತು ಹೇಳಲಾರನೇ ಎಂದಳು. ಖಡಕ್ ರೊಟ್ಟಿ, ಹಿಂಡಿ ಕಟ್ಟಿಕೊಂಡು ನಾವಿಬ್ಬರೂ ವಾಕಡಕ್ಕೆ ಹೋದೆವು. ಎತ್ತರದ ಕಟ್ಟಡ, ಗೇಟಿನಲ್ಲಿ ಕಾವಲುಗಾರ ನಮ್ಮ ಫೋಟೋ ತೆಗೆದುಕೊಂಡೇ ಒಳಗೆ ಬಿಟ್ಟ. ಅವನು ನಗುತ್ತಲೇ ಬಾಗಿಲು ತೆರೆದ, ಫಿಲ್ಟರ್ ಕಾಫಿ ಮಾಡಿ ಕೊಟ್ಟ. ಸೋಫಾದ ಮೇಲಿನ ಗೋಡೆಯಲ್ಲಿ ನಮ್ಮ ಮನೆ ಆಳೆತ್ತರ ಇತ್ತು. ಅವ್ವ ಅದರ ಕೆಳಗೇ ಕುಳಿತಳು.

ಅವನಿಗೆ ಕೇಸಿನ ವಿಷಯ ಗೊತ್ತಿತ್ತು. ತುಂಬ ಬೇಜಾರಾಯಿತು ಎಂದ. ಅವ್ವ ಕೇಳಬೇಕಾದದ್ದನ್ನು ಕೇಳಿದಳು. ಕೋರ್ಟಿಗೆ ಬಂದು, ಇವರು ಒಳಗಿದ್ದರು, ನಾನೇ ಕೂರಿಸಿದ್ದೆ ಎಂದು ಹೇಳಿದರೆ ಸಾಕು. ಅವನು ಕಾಫಿಯ ಲೋಟವನ್ನು ಮೇಜಿನ ಮೇಲಿಟ್ಟ.

"ಆಂಟಿ, ನೀವು ತಪ್ಪು ತಿಳ್ಕೋಬೇಡಿ. ನನ್ನ ಇಡೀ ವರ್ಕ್ ನಿಂತಿರೋದೇ ಅದರ ಮೇಲೆ. ಏನನ್ನೂ ಸೆಟ್ ಮಾಡಲ್ಲ, ಇದ್ದಂಗೇ ತೆಗಿತೀನಿ ಅಂತ. ಈಗ ಹೋಗಿ ನಾನೇ ಬೀಗ ಹಾಕಿದ್ದೆ ಅಂದ್ರೆ ಇನ್ನೊಂದು ಪುಸ್ತಕ ಯಾರು ಮಾಡ್ತಾರೆ?"

"ಕೋರ್ಟಿಗಿ ಬರಬ್ಯಾಡ ಬಿಡು," ಎಂದಳು ಅವ್ವ. "ನಾವು ಇದ್ದ ಫೋಟೋ ಒಂದು ಕೊಡು ತಮ್ಮಾ. ಮೊದಲನೇ ದಿನ ನಾ ರೊಟ್ಟಿ ಬಡಿಯೋದು ತಗದಿದ್ದಿಯಲ್ಲ, ಅದನ್ನರ ಕೊಡು."

"ಅವೆಲ್ಲ ಅವತ್ತೇ ಡಿಲೀಟ್ ಮಾಡ್ಬಿಡ್ತೀನಿ ಆಂಟಿ. ಕೆಟ್ಟೋದ್ವು, ವೇಸ್ಟು. ಇಟ್ಕೊಳಲ್ಲ."

ನಾವು ಕೆಟ್ಟ ಫೋಟೋಗಳಲ್ಲಿದ್ದೆವು. ರೋಗಿ ಅಲುಗಾಡಿ ಹಾಳಾದ ಎಕ್ಸ್‌ರೇಯನ್ನೂ ನಮ್ಮಲ್ಲಿ ಅಳಿಸುವುದಿಲ್ಲ, ಯಾವಾಗ ಏನು ಬೇಕಾಗುತ್ತದೋ ಎಂದು ಇಟ್ಟಿರುತ್ತೇವೆ. ನಾನು ಅದನ್ನು ಹೇಳಿದೆ. ದನಿ ಜೋರಾಗಿತ್ತೇನೋ. ಅವ್ವ ನನ್ನ ತೊಡೆ ಚಿವುಟಿದಳು. ಉಂಡ ಮನೆಯ ಜಂತಿ ಎಣಿಸುವವರನ್ನು ಕಂಡಿದ್ದೆ, ನೀನು ಜಂತಿಯನ್ನೇ ಎಳೆದೆ ಎಂದೆ. ಅವನ ಮುಖ ಕೆಂಪಾಯಿತು. ನೆನಪಿಗೆ ಒಂದು ಪ್ರಿಂಟು ಫ್ರೇಮ್ ಹಾಕಿಸಿ ಕೊಡುತ್ತೇನೆ ಎಂದು ಅವ್ವನಿಗೆ ಹೇಳಿದ. ಅವ್ವ ರೊಟ್ಟಿಯ ಗಂಟನ್ನು ಅವನ ಮೇಜಿನ ಮೇಲಿಟ್ಟು, ಮೆತ್ತಗಾಗುವ ಮೊದಲು ತಿನ್ನು ಎಂದು ಹೇಳಿ ಎದ್ದಳು. ಲಿಫ್ಟಿನಲ್ಲಿ ನಾನು ಅವಳ ಮೇಲೂ ಹರಿಹಾಯ್ದೆ. ಅನ್ನದ್ದೇನ ತಪ್ಪು ಅದ ಎಂದಳು.

ಸಮನ್ಸ್ ಕಳಿಸಿ ಕರೆಸಬಹುದು ಎಂದ ವಕೀಲ, ಆದರೆ ಕಟಕಟೆಯಲ್ಲಿ ನಿಂತು ಪುಸ್ತಕದಲ್ಲಿ ಬರೆದದ್ದನ್ನೇ ಹೇಳಿದರೆ ಕತ್ತಿಗೆ ನಾವೇ ಹಗ್ಗ ಹಾಕಿಕೊಂಡಂತೆ. ಅಪ್ಪ ರಾಜಿಗೆ ಒಪ್ಪಿದ. ಮಾಲಕ ಕೊಟ್ಟದ್ದನ್ನು ತೆಗೆದುಕೊಂಡು ಸಹಿ ಹಾಕಿ ಬಂದ. ಆ ರಾತ್ರಿ ಅವ್ವ ಉಣ್ಣಲಿಲ್ಲ. ನನಗೆ ಮಾಲಕನ ಮೇಲೆ ಅಷ್ಟು ಸಿಟ್ಟಿರಲಿಲ್ಲ, ಅವನು ಮಾಲಕನ ಕೆಲಸ ಮಾಡಿದ. ಇವನು ನಮ್ಮ ಒಲೆಯ ಮುಂದೆ ಕುಳಿತು ಉಂಡಿದ್ದ.

ಮನೆ ಬಿಡುವ ದಿನ ಟೆಂಪೊ ಓಣಿಯಲ್ಲಿ ನಿಂತಿತ್ತು. ಸಾಮಾನೆಲ್ಲ ಹೇರಿಯಾಗಿತ್ತು. ಕೈಯಲ್ಲಿ ಒಯ್ಯಬೇಕೆಂದು ಅವ್ವ ಬಿಟ್ಟುಕೊಂಡದ್ದು ತುಳಸಿಯ ಡಬ್ಬಿ ಮತ್ತು ಅಜ್ಜನ ಬೀಗ. ಮಾಲಕನ ಕಡೆಯವನೊಬ್ಬ ಕೀಲಿಗಾಗಿ ಅಂಗಡಿಯ ಮುಂದೆ ಕಾಯುತ್ತಿದ್ದ. ಆಗ ಫೋಟೋದ ಹುಡುಗ ಬಂದ, ಮೂರು ಕಾಲಿನ ಸ್ಟ್ಯಾಂಡು ಹೊತ್ತುಕೊಂಡು. ಮಾಲಕನೇ ಹೇಳಿ ಕಳಿಸಿದ್ದನಂತೆ. ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿದ್ದವು, ಅದೇ ನನಗೆ ಹೆಚ್ಚು ಉರಿ ತಂದದ್ದು. ಸಂಜೆಯ ಬಿಸಿಲು ಅತ್ತಿಮರದ ಮೇಲಿತ್ತು. ಗುಡ್ಡ ನಿಚ್ಚಳವಾಗಿತ್ತು. ಅವನು ಒಂದು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ, ಖಾಲಿ ಪಡಸಾಲೆಯನ್ನೂ ಅವ್ವನನ್ನೂ ನೋಡಿದ.

"ಆಂಟಿ, ಹತ್ತೇ ನಿಮಿಷ. ತುಳಸಿ ಎತ್ಕೊಂಡು ಹೊಸ್ತಿಲ ಮೇಲೆ ನಿಂತ್ಕೊಳ್ಳಿ, ಅಂಕಲ್ ಪಕ್ಕದಲ್ಲಿರ್ಲಿ. ಈ ಸಲ ನೀವು ಬೇಕು. ನೀವಿಲ್ದೆ ಫ್ರೇಮೇ ಇಲ್ಲ."

ಅವ್ವ ಅವನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿ ಎಂದು ಆಸೆಪಟ್ಟೆ. ಅವಳು ತುಳಸಿಯ ಡಬ್ಬಿಯನ್ನು ಎತ್ತಿ ಒಳಗಿಟ್ಟಳು. ಅಪ್ಪನ ತೋಳು ಹಿಡಿದು ಒಳಗೆ ಕಳಿಸಿದಳು. ನನಗೂ ಸನ್ನೆ ಮಾಡಿದಳು. ಆಮೇಲೆ ಬೀಗವನ್ನು ಅವನ ಕೈಗಿಟ್ಟಳು.

"ಒಳಗ ಕುಂಡ್ರತೀವಿ. ನೀ ತಕ್ಕೋ. ಬೀಗಾ ಹಾಕೋದು ಮರೀಬ್ಯಾಡ."

ಬಾಗಿಲು ಹಾಕಿದಳು, ಚಿಲಕ ಸರಿಸಿದಳು. ಖಾಲಿ ಕೋಣೆಯ ಬರಿ ನೆಲದ ಮೇಲೆ ಮೂವರೂ ಕುಳಿತೆವು. ಗೋಡೆಯಲ್ಲಿ ಮೊಳೆಗಳಷ್ಟೇ ಉಳಿದಿದ್ದವು. ಅವನು ಹೋಗಿಬಿಡುತ್ತಾನೆ, ಒಂದಿಷ್ಟಾದರೂ ನಾಚಿಕೆ ಇದ್ದೇ ಇರುತ್ತದೆ ಎಂದು ನಾನು ಕಿವಿಗೊಟ್ಟೆ. ಹೊರಗೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಟೆಂಪೊದವನು ಒಮ್ಮೆ ಹಾರ್ನು ಹೊಡೆದ. ಆಮೇಲೆ ಸರಪಳಿಗೆ ಬೀಗ ತಾಗಿದ ಸದ್ದು ಬಂತು.

ಅವ್ವನ ಬೆರಳು ತನ್ನಷ್ಟಕ್ಕೆ ತುಟಿಗೆ ಹೋಯಿತು. ಮುಖ ಕಿವುಚಿಕೊಂಡು ಬರುತ್ತಿದ್ದರೂ ಅವಳು ಸದ್ದು ಬಿಡಲಿಲ್ಲ. ಅಪ್ಪ ಕತ್ತಲಲ್ಲಿ ಅವಳ ಕೈಯನ್ನು ಬಾಯಿಂದ ತೆಗೆದು ತನ್ನ ತೊಡೆಯ ಮೇಲಿಟ್ಟುಕೊಂಡ.

"ಅಳು," ಎಂದ. "ಫೋಟೋಕ್ಕ ಸಪ್ಪಳ ಕೇಳಂಗಿಲ್ಲ."

ಅವಳು ಅತ್ತಳು. ಬಾಯಿ ತೆರೆದು, ಎದೆ ಬಡಿದುಕೊಂಡು, ಸತ್ತ ಮನೆಯಲ್ಲಿ ಅಳುವ ಹಾಗೆ. ಹೊರಗೆ ಅವನು ಬೆಳಕು ಇಳಿಯುವವರೆಗೂ ಕೆಲಸ ಮಾಡಿದ.

ಈಗ ನಾವು ತಳೇಗಾಂವದಲ್ಲಿದ್ದೇವೆ. ಕಿಟಕಿಯಿಂದ ಕಾರ್ಖಾನೆಯ ಗೋಡೆ ಕಾಣುತ್ತದೆ. ವಾಡೆಯನ್ನು ಕೆಡವಿದರು, ಅತ್ತಿಮರವನ್ನೂ ಕಡಿದರು. ಮೊನ್ನೆ ಪುಸ್ತಕದಂಗಡಿಯೊಂದರಲ್ಲಿ ಅವನ ಪುಸ್ತಕದ ಎರಡನೇ ಮುದ್ರಣ ನೋಡಿದೆ. ಮುಖಪುಟಕ್ಕೆ ಆ ಸಂಜೆಯ ಚಿತ್ರ ಹಾಕಿದ್ದಾನೆ. ಬಂಗಾರದ ಬಿಸಿಲು, ಮರ, ಗುಡ್ಡ, ಮುಚ್ಚಿದ ಬಾಗಿಲು, ಅಜ್ಜನ ಬೀಗ. ಪಕ್ಕದಲ್ಲಿ ನಿಂತಿದ್ದ ಗಂಡ ಹೆಂಡತಿ ಅದನ್ನು ಕೈಗೆತ್ತಿಕೊಂಡರು. ಎಷ್ಟು ಪ್ರಶಾಂತವಾಗಿದೆ ನೋಡು, ಯಾರೂ ಇಲ್ಲ ಎಂದು ಹೆಂಡತಿ ಮರಾಠಿಯಲ್ಲಿ ಹೇಳಿದಳು. ನಾನು ಆ ಬಾಗಿಲಿನ ಮೇಲೆ ಬೆರಳಿಟ್ಟು, ಇದರ ಹಿಂದೆ ನನ್ನ ಅವ್ವ ಅಳುತ್ತಿದ್ದಾಳೆ ಎಂದೆ. ಅವರು ಪುಸ್ತಕವನ್ನು ಕೆಳಗಿಟ್ಟು ಬೇರೆ ಕಪಾಟಿನ ಕಡೆಗೆ ಹೋದರು.